ಯಂತ್ರಕ್ಕೆ ಹಣೆ ಇಟ್ಟವಳು

ಪೀಣ್ಯದ ರಾಮಾಂಜಿನಪ್ಪನವರ ಲೇತು ಶೆಡ್ಡಿನಲ್ಲಿ ಚೆಕಿಂಗ್ ಟೇಬಲ್ ಕಿಟಕಿಗೆ ಒತ್ತಿಕೊಂಡೇ ಇದೆ. ಬೆಳಕು ಬೇಕಲ್ಲ, ಅದಕ್ಕೆ. ಲೇತಿನಿಂದ ಇಳಿದ, ತುಂಡು ಕೊಳವೆಯಂಥ ಉಕ್ಕಿನ ಬುಷ್‌ಗಳು ಟ್ರೇಗಟ್ಟಲೆ ಅಲ್ಲಿಗೆ ಬಂದು ಬೀಳುತ್ತವೆ. ಸುತ್ತ ಕೂತ ಹೆಂಗಸರು ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು, ಅಂಚಿನ ಮೇಲೆ ಬೆರಳಾಡಿಸಿ, ಕೂದಲೆಳೆಯಂಥ ಲೋಹದ ಮುಳ್ಳು ಎಲ್ಲಾದರೂ ಉಳಿದಿದೆಯೇ ಎಂದು ನೋಡುತ್ತಾರೆ. ಆ ಮುಳ್ಳಿಗೆ ಪೀಣ್ಯದವರೆಲ್ಲ ‘ಬರ್’ ಎನ್ನುತ್ತಾರೆ. ಬರ್ ಇದ್ದದ್ದು ಕೆಂಪು ಡಬ್ಬಿಗೆ, ಇಲ್ಲದ್ದು ಹಸಿರು ಡಬ್ಬಿಗೆ. ಸಂಜೆಯ ಹೊತ್ತಿಗೆ ಕಣ್ಣು ಉರಿಯತೊಡಗುತ್ತದೆ, ಬೆರಳ ತುದಿ ಜೋಮು ಹಿಡಿಯುತ್ತದೆ. ಮದುವೆಯಾಗಿ ಲಗ್ಗೆರೆಗೆ ಬಂದ ಹೊಸತರಲ್ಲಿ ಮಹಾನಂದಾಳಿಗೆ ಸಿಕ್ಕಿದ್ದು ಆ ಟೇಬಲ್ಲಿನ ಮುಂದಿನ ಒಂದು ಸ್ಟೂಲು. ಕೂತ ಮೊದಲ ವಾರವೇ ಅವಳ ತಲೆಗೆ ಒಂದು ಹುಳು ಹೊಕ್ಕಿತು. ಇದನ್ನು ದಿನವಿಡೀ ಮನುಷ್ಯರ ಕಣ್ಣೇ ಯಾಕೆ ನೋಡಬೇಕು?

ಅವಳ ಊರು ಕುಷ್ಟಗಿ ಕಡೆ. ಗದಗಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದಳು. ಗಂಡ ಬಸಲಿಂಗ ಮಾಕಳಿಯ ಒಂದು ಫ್ಯಾಕ್ಟರಿಯಲ್ಲಿ ಪೌಡರ್ ಕೋಟಿಂಗ್ ಕೆಲಸದವನು. ಅಂದು ಯಾವ ಬಣ್ಣ ಹೊಡೆದು ಬಂದಿದ್ದಾನೆಂಬುದು ಅವನ ಕಿವಿಯ ಹಿಂದೆ ನೋಡಿದರೆ ತಿಳಿಯುತ್ತಿತ್ತು. ಡಿಪ್ಲೊಮಾ ಆದವಳನ್ನು ಚೆಕಿಂಗಿಗೆ ಕೂರಿಸಿದ್ದಾರಲ್ಲ ಎಂದು ಅವಳಿಗಿಂತ ಮೊದಲು ಸಿಟ್ಟಾದವನು ಅವನೇ. ಕೆಲಸ ಮಾಡುವವರಿಗೆಂದೇ ನಾಗಸಂದ್ರದ ಆಚೆ ಒಂದು ಕಾಲೇಜಿನಲ್ಲಿ ಸಂಜೆ ಎಂಜಿನಿಯರಿಂಗ್ ತರಗತಿ ನಡೆಯುತ್ತದೆಂದು ಪತ್ತೆ ಮಾಡಿಕೊಂಡು ಬಂದವನೂ ಅವನೇ. ಮಗಳು ನೀಲಮ್ಮ ಹುಟ್ಟಿದಾಗ ಬಾಣಂತನ ನೋಡಿಕೊಳ್ಳಲು ಊರಿನಿಂದ ಬಂದ ಅತ್ತೆ ಮುದುಕವ್ವ ಮತ್ತೆ ಊರಿಗೆ ಹೋಗಲಿಲ್ಲ. ಹಗಲು ಶೆಡ್ಡು, ಸಂಜೆ ಕಾಲೇಜು, ಇನ್ನು ಕೂಸಿನ ಗತಿಯೇನು ಎಂದು ಮಹಾನಂದಾ ಪುಸ್ತಕ ಕಟ್ಟಿಡಲು ಹೊರಟಾಗ, ಆ ಹೆಂಗಸು ಕೂಸನ್ನು ಕಂಕುಳಿಗೆ ಹಾಕಿಕೊಂಡು ಬಾಗಿಲಿಗೆ ಅಡ್ಡ ನಿಂತುಬಿಟ್ಟಿದ್ದಳು.

“ಕೂಸು ನಂದು. ಓದು ನಿಂದು. ನಡುವ ಬಿಟ್ಟಿ ಅಂದ್ರ ನೋಡು ಮತ್ತ.”

ಮೂರನೆಯ ವರ್ಷದಲ್ಲಿದ್ದಾಗ ಕಾಲೇಜಿನ ಗೋಡೆಯ ಮೇಲೆ ಒಂದು ಪೋಸ್ಟರ್ ಕಾಣಿಸಿತು. ಅದಕ್ಕೆ ಉದ್ದನೆಯದೊಂದು ಇಂಗ್ಲಿಷ್ ಹೆಸರಿತ್ತು. ಹುಡುಗರ ಬಾಯಲ್ಲಿ ಅದು ‘ಜರ್ಮನಿ ಪ್ರೋಗ್ರಾಂ’ ಆಯಿತು. ಜರ್ಮನಿಯ ಒಂದು ತಾಂತ್ರಿಕ ವಿಶ್ವವಿದ್ಯಾಲಯದವರೂ ಈ ಕಾಲೇಜಿನವರೂ ಸೇರಿ ಮಾಡಿದ ಏರ್ಪಾಡು ಅದು. ಎರಡೂ ಕಡೆಯ ವಿದ್ಯಾರ್ಥಿಗಳನ್ನು ಬೆರೆಸಿ ತಂಡ ಕಟ್ಟುತ್ತಾರೆ, ಒಂದೊಂದು ತಂಡಕ್ಕೂ ಒಬ್ಬೊಬ್ಬ ಮಾರ್ಗದರ್ಶಕರನ್ನು ಕೊಡುತ್ತಾರೆ. ಕೆಲವು ತಿಂಗಳು ಕಂಪ್ಯೂಟರಿನ ಪರದೆಯಲ್ಲೇ ಮಾತುಕತೆ. ದಸರೆಯ ಹೊತ್ತಿಗೆ ಅಲ್ಲಿನವರು ಇಲ್ಲಿಗೇ ಬಂದು ಪೀಣ್ಯದ ಶೆಡ್ಡುಗಳಲ್ಲಿ ಜೊತೆಗೆ ಕೂತು, ನಿಜವಾದ ಒಂದು ತೊಡಕಿಗೆ ನಿಜವಾದ ಒಂದು ಯಂತ್ರ ಕಟ್ಟಬೇಕು. ಗೆದ್ದ ತಂಡದಲ್ಲಿರುವ ಇಲ್ಲಿನ ವಿದ್ಯಾರ್ಥಿಗಳಿಗೆ ಚಳಿಗಾಲದಲ್ಲಿ ಆರು ವಾರ ಜರ್ಮನಿಯ ಪ್ರಯೋಗಾಲಯ, ಓದು ಮುಗಿಯುವ ತನಕ ಅಲ್ಲಿನ ಮಾರ್ಗದರ್ಶಕರ ನೆರವು. ಕೊನೆಯ ವರ್ಷದವರಿಗೆ ಪ್ರವೇಶವಿಲ್ಲ. ಅಂದರೆ ಮಹಾನಂದಾಳಿಗೆ ಇದೊಂದೇ ಸರದಿ. ತಪ್ಪಿದರೆ ಮುಂದಿನ ವರ್ಷ ಎನ್ನುವ ಮಾತೇ ಇಲ್ಲ.

ಅವಳ ತಂಡಕ್ಕೆ ಬಂದವರು ಇಬ್ಬರು. ಸಹಪಾಠಿ ನಂದೀಶ್, ಹಗಲು ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದು ಸಂಜೆ ಓದುವವನು. ಇನ್ನೊಬ್ಬ ಜರ್ಮನಿಯ ಯೋನಾಸ್, ಶೆಡ್ಡಿನ ಷಟರಿಗೆ ತಲೆ ತಾಗುವಷ್ಟು ಎತ್ತರದ ಹುಡುಗ. ಬಂದ ದಿನವೇ ಅವನು ಅಲ್ಲಿನವರೆಲ್ಲರ ಬಾಯಲ್ಲಿ ‘ಯೋನಣ್ಣ’ನಾದ. ಮಾರ್ಗದರ್ಶಕಿಯಾಗಿ ಸಿಕ್ಕವರು ಉರ್ಸುಲಾ ಎಂಬ ಬಿಳಿಗೂದಲಿನ ಪ್ರಾಧ್ಯಾಪಕಿ. ಭಾನುವಾರ ಮಧ್ಯಾಹ್ನ ಅವರು ಪರದೆಯಲ್ಲಿ ಕಾಣಿಸಿಕೊಂಡರೆ ಸಾಕು, ಮಹಾನಂದಾಳ ತೊಡೆಯ ಮೇಲಿನ ನೀಲು ‘ಅಜ್ಜಿ’ ಎಂದು ಪರದೆಗೆ ಕೈ ಬಡಿಯುತ್ತಿದ್ದಳು. ಅವರೂ ಮೊದಲು ಕೂಸಿನ ಜ್ವರ ನೆಗಡಿ ವಿಚಾರಿಸಿಯೇ ಮಾತಿಗೆ ಇಳಿಯುತ್ತಿದ್ದರು. ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಅವರು ಕೇಳುವುದು ಒಂದೇ. ಇದು ಲ್ಯಾಬಿನಲ್ಲಿ ಓಡುತ್ತದೆ, ಸರಿ. ಶೆಡ್ಡಿನಲ್ಲಿ ಬದುಕುತ್ತದೆಯೆ?

ಯಾವ ತೊಡಕು ಹಿಡಿಯೋಣ ಎಂಬ ಚರ್ಚೆಯೇ ನಡೆಯಲಿಲ್ಲ. ಮಹಾನಂದಾ ಚೆಕಿಂಗ್ ಟೇಬಲ್ಲಿನ ಕಥೆ ಹೇಳಿದಳು, ಉಳಿದವರು ಒಪ್ಪಿದರು. ಬುಷ್ ಒಂದು ಇಳಿಜಾರು ದಾರಿಯಲ್ಲಿ ಉರುಳಿ ಬರುತ್ತದೆ, ಕ್ಯಾಮೆರಾದ ಮುಂದೆ ಒಂದು ಸುತ್ತು ತಿರುಗುತ್ತದೆ. ಅಂಚು ನಯವಾಗಿದ್ದರೆ ಹಸಿರು ದೀಪ, ಬರ್ ಇದ್ದರೆ ಕೆಂಪು. ಗೊತ್ತಾಗದೆ ಹೋದರೆ ಅದನ್ನು ಬದಿಗೆ ತಳ್ಳುತ್ತದೆ, ಮನುಷ್ಯರು ನೋಡಲಿ ಎಂದು. ಕ್ಯಾಮೆರಾ ಎದೆಯ ಮಟ್ಟಕ್ಕೆ ನೇರ ಮುಂದೆ ಮುಖ ಮಾಡಿತ್ತು. ಸುತ್ತ ಬಿಳಿ ದೀಪದ ಒಂದು ಬಳೆ. ಉಳಿದದ್ದೆಲ್ಲ ಸಣ್ಣ ಸಣ್ಣ ಸರಳು, ವೈರು.

ಟೇಬಲ್ಲಿನ ಹೆಂಗಸರಿಗೆ ಮೊದಮೊದಲು ಇದು ಹಿಡಿಸಲಿಲ್ಲ. ಅವರಲ್ಲಿ ಬಾಯಿ ಜೋರಿನವಳು ಭುವನೇಶ್ವರಿ. ಅವಳು ಒಂದು ದಿನ ಕೇಳಿಯೇಬಿಟ್ಟಳು.

“ಏನ್ ಮಹಾನಂದಾ, ನಿನ್ನ ಮಿಷನ್ ಬಂದಮ್ಯಾಲ ನಾವು ಮನ್ಯಾಗ ರೊಟ್ಟಿ ಬಡಕೋತ ಕುಂದ್ರೂದೇನ?”

“ಸಂಶಯದ್ದೆಲ್ಲ ಅದು ನಿನ್ನ ಕೈಗೇ ಕೊಡತೈತಿ ಅಕ್ಕಾ. ನಿನ್ನ ಬಾಯಿಯಂಥಾ ಬಾಯಿ ಅದಕ್ಕಿಲ್ಲ, ಹೆದರಬ್ಯಾಡ.”

ಟೇಬಲ್ಲಿನಿಂದ ಯಾರನ್ನೂ ಎಬ್ಬಿಸುವುದಿಲ್ಲ ಎಂದು ರಾಮಾಂಜಿನಪ್ಪನವರೂ ಮಾತು ಕೊಟ್ಟರು. ಕೆಲಸ ಎರಡರಷ್ಟಾಗಿರುವಾಗ ಯಾರನ್ನು ಕಳಿಸಲಿ ಎಂದು ನಕ್ಕರು. ಅಲ್ಲಿಂದ ಮುಂದೆ ಬರ್ ಇದ್ದ ಬುಷ್‌ಗಳನ್ನು ಆರಿಸಿ ಆರಿಸಿ ತಂದು ಯಂತ್ರಕ್ಕೆ ಪಾಠ ಹೇಳಿಸಿದವರು ಆ ಹೆಂಗಸರೇ. ಲೇತು ಕಾಯದಂತೆ ಹರಿಸುವ ಕೂಲೆಂಟ್ ಸಿಡಿದರೆ ಏನು, ಧೂಳು ಕೂತರೆ ಏನು, ಕರೆಂಟು ಏರಿಳಿದರೆ ಏನು ಎಂದು ತಂಡದವರು ಒಂದೊಂದಕ್ಕೂ ಉಪಾಯ ಹೂಡಿದರು. ಎಲ್ಲವೂ ಆಯಿತು ಎಂದುಕೊಂಡರು.

ತೀರ್ಪುಗಾರರು ಯಂತ್ರ ನೋಡಲು ಶೆಡ್ಡಿಗೆ ಬರುವುದು ಆಯುಧಪೂಜೆಯ ದಿನವೇ ಎಂದು ಕಾಲೇಜಿನವರು ಗೊತ್ತುಮಾಡಿದ್ದರು. ಹೊರದೇಶದ ಅತಿಥಿಗಳು ಪೂಜೆಯನ್ನೂ ನೋಡಿದಂತಾಗಲಿ ಎಂಬುದು ಅವರ ಲೆಕ್ಕ. ಪೂಜೆಯ ನಂತರ ಪ್ರತಿ ಯಂತ್ರವನ್ನೂ ಶಾಸ್ತ್ರಕ್ಕೆ ಒಮ್ಮೆ ಓಡಿಸುವುದು ಆ ಶೆಡ್ಡಿನಲ್ಲಿ ಇದ್ದದ್ದೇ. ಹಾಗಾಗಿ ಇದೂ ಆ ಸಾಲಿನಲ್ಲಿ ಓಡಿದರೆ ಯಾರಿಗೂ ಅಡ್ಡಿಯಿರಲಿಲ್ಲ. ಕೆಲಸದವರ ಮನೆಮಂದಿಯೆಲ್ಲ ಹೊಸ ಬಟ್ಟೆ ಉಟ್ಟು ಬಂದಿದ್ದರು. ಲೇತುಗಳಿಗೆ ಬಾಳೆಕಂದು ಕಟ್ಟಿತ್ತು. ಸ್ಪ್ಯಾನರು, ವರ್ನಿಯರು, ಅಲೆನ್ ಕೀಗಳನ್ನೆಲ್ಲ ತೊಳೆದು ದೇವರ ಪಟದ ಮುಂದೆ ಸಾಲಾಗಿ ಇಟ್ಟು ಹೂ ಏರಿಸಿದ್ದರು. ರಾಮಾಂಜಿನಪ್ಪನವರು ಯೋನಾಸನಿಗೆ ಪಂಚೆ ಉಡಿಸಿದ್ದರು. ಅವನು ಒಂದು ಕೈಯಿಂದ ಅದನ್ನು ಬಿಡದೆ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಎಲ್ಲರಿಗೂ ಕಡ್ಲೆಪುರಿ ಹಂಚುತ್ತಿದ್ದ.

ಮಹಾನಂದಾ ಗೇಟಿನ ಬಳಿ ಅತಿಥಿಗಳನ್ನು ಎದುರುಗೊಳ್ಳಲು ನಿಂತಿದ್ದಳು. ಒಳಗೆ ಮುದುಕವ್ವ ಅರಿಶಿನ ಕುಂಕುಮದ ತಟ್ಟೆ ಹಿಡಿದು, ನನ್ನ ಸೊಸೆಯ ಮಿಷನ್ನಿಗೆ ನಾನೇ ಪೂಜೆ ಮಾಡುವವಳು, ಬೇರೆ ಯಾರೂ ಮುಟ್ಟಬಾರದು ಎಂದು ಹಟ ಹಿಡಿದಿದ್ದಳಂತೆ. ಯಾರೂ ತಡೆಯಲಿಲ್ಲ. ತಡೆಯುವುದೇನಿದೆ ಅದರಲ್ಲಿ?

ಅತಿಥಿಗಳು ಬಂದರು, ಉರ್ಸುಲಾ ಬಂದರು. ಜೊತೆಗೆ ತೀರ್ಪುಗಾರರಲ್ಲಿ ಹಿರಿಯರಾದ ಚನ್ನವೀರಪ್ಪನವರು. ವೈಟ್‌ಫೀಲ್ಡಿನ ದೊಡ್ಡ ಕಂಪನಿಯೊಂದರಲ್ಲಿ ಯಂತ್ರಗಳ ವಿಭಾಗವನ್ನೇ ನೋಡಿಕೊಳ್ಳುವವರು, ಮುಖದಲ್ಲಿ ನಗು ಸುಳಿಯದ ಮನುಷ್ಯ. ಮಂಗಳಾರತಿ ಮುಗಿಯಿತು, ಬಾಗಿಲಲ್ಲಿ ಬೂದುಗುಂಬಳ ಒಡೆದದ್ದಾಯಿತು. ಲೇತು, ಡ್ರಿಲ್ಲಿಂಗ್ ಮಿಷನ್ ಒಂದೊಂದಾಗಿ ಓಡಿ ನಿಂತವು. ಕಡೆಗೆ ಎಲ್ಲರೂ ಬಂದು ಹೊಸ ಯಂತ್ರದ ಸುತ್ತ ನೆರೆದರು.

ನಂದೀಶ್ ಸ್ವಿಚ್ ಒತ್ತಿದ. ಮಹಾನಂದಾ ನಯವಾದ ಬುಷ್ ಒಂದನ್ನು ದಾರಿಗೆ ಬಿಟ್ಟಳು. ಉರುಳಿತು, ತಿರುಗಿತು. ಕೆಂಪು ದೀಪ.

ಇನ್ನೊಂದು ಬಿಟ್ಟಳು. ಅದೂ ಕೆಂಪು. ಮತ್ತೊಂದು. ಅದಕ್ಕೂ ಕೆಂಪೇ.

ಅವಳು ಯಂತ್ರದ ಹತ್ತಿರ ಸರಿದಳು. ಬಗ್ಗಿ ನೋಡಿದಾಗ ತಿಳಿಯಿತು. ಕ್ಯಾಮೆರಾದ ಗಾಜಿನ ಮೇಲೆ ಮೂರು ಬೆರಳಿನ ವಿಭೂತಿ, ನಟ್ಟನಡುವೆ ದುಂಡನೆಯ ಕುಂಕುಮ. ಉದುರದಿರಲಿ ಎಂದು ದೀಪದ ಎಣ್ಣೆಯಲ್ಲಿ ಕಲಸಿ ಅಚ್ಚುಕಟ್ಟಾಗಿ ಇಟ್ಟದ್ದು. ಸೆರಗಿನಿಂದ ಒರೆಸಿದಳು. ಬೊಟ್ಟು ಹೋಯಿತು, ಆದರೆ ಗಾಜಿನ ತುಂಬ ಕೆಂಪು ಪೊರೆಯೊಂದು ಹರಡಿಕೊಂಡಿತು. ಎಣ್ಣೆ ದೀಪದ ಬಳೆಯ ಸಂದಿಗೂ ಇಳಿದಿತ್ತು. ಬಳೆ ಬಿಚ್ಚದೆ ಅದು ಹೋಗುವಂತಿರಲಿಲ್ಲ. ಬಿಚ್ಚಲು ಅಲೆನ್ ಕೀ ಬೇಕು, ಅಲೆನ್ ಕೀ ಹೂವಿನ ಕೆಳಗಿತ್ತು. ಅವಳ ನೋಟ ಅತ್ತ ಹರಿದದ್ದನ್ನು ಕಂಡ ರಾಮಾಂಜಿನಪ್ಪನವರು ಮೆಲ್ಲಗೆ ತಲೆಯಾಡಿಸಿದರು.

“ಪೂಜೆಗಿಟ್ಟ ಸಾಮಾನು ಕಣಮ್ಮ. ನಾಳೆ ಕದಲಿಸೋವರ್ಗೂ ಮುಟ್ಟಂಗಿಲ್ಲ. ನಮ್ಮಪ್ಪನ ಕಾಲ್ದಿಂದ್ಲೂ ಅಂಗೇ.”

ಅವಳು ಒತ್ತಾಯಿಸಲಿಲ್ಲ. ಅಂದು ಬೆಳಿಗ್ಗೆ ನೀಲುವಿನ ಲಂಗದ ಗುಂಡಿ ಹೊಲಿಯಲು ಸೂಜಿಯನ್ನೂ ಮುಟ್ಟದೆ ಪಿನ್ನು ಸಿಕ್ಕಿಸಿ ಕರೆತಂದವಳು ಅವಳು.

ನಂದೀಶ್ ಕಿವಿಯ ಹತ್ತಿರ ಬಂದ. “ಅಕ್ಕ, ಕರೆಂಟ್ ಪ್ರಾಬ್ಲಮ್ ಅಂದ್ಬಿಡೋಣ. ನಿನ್ನೆ ತೆಗ್ದಿರೋ ವಿಡಿಯೋ ಇದೆ, ಹಾಕ್ಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ.”

ನಿಜ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪೀಣ್ಯದಲ್ಲಿ ಕರೆಂಟಿನ ಮೇಲೆ ಹಾಕಿದ ತಪ್ಪನ್ನು ಯಾರೂ ಅಲ್ಲಗಳೆಯುವುದಿಲ್ಲ. ಆರು ವಾರದ ಆ ಪ್ರಯೋಗಾಲಯ ಅವಳ ಕಣ್ಣ ಮುಂದೆ ಬಂದು ನಿಂತಿತು. ಎದುರಿಗೆ, ಜನರ ನಡುವೆ, ತಟ್ಟೆ ಹಿಡಿದು ನಿಂತ ಅತ್ತೆಯ ಮುಖ ಬೆಳಗುತ್ತಿತ್ತು. ಕೆಂಪು ದೀಪವನ್ನು ಆಕೆ ಶುಭವೆಂದೇ ತಿಳಿದಂತಿತ್ತು. ಮಹಾನಂದಾ ನಂದೀಶನ ಕೈಯನ್ನು ಲ್ಯಾಪ್‌ಟಾಪಿನಿಂದ ಸರಿಸಿದಳು. ಉರ್ಸುಲಾರ ಕಡೆ ತಿರುಗಿ, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಪೂಜೆಯಾಗಿದೆ, ಗಾಜಿಗೆ ಕುಂಕುಮ ಬಿದ್ದಿದೆ, ಇವತ್ತು ಇದಕ್ಕೆ ಕಣ್ಣು ಕಾಣದು.

ತಪ್ಪು ಯಾರದು ಎಂದು ಉರ್ಸುಲಾ ಕೇಳಿದರು. ನಮ್ಮದು, ಎಂದಳು ಮಹಾನಂದಾ. ಯಾಕೆ ನಮ್ಮದು ಎಂದು ಕೇಳಿದ್ದರೆ ಅವಳಲ್ಲೂ ಆಗ ಉತ್ತರವಿರಲಿಲ್ಲ. ಅತ್ತೆಯ ಹೆಸರು ಎತ್ತಬಾರದು ಎಂಬುದಷ್ಟೇ ತಲೆಯಲ್ಲಿತ್ತು.

ಚನ್ನವೀರಪ್ಪನವರು ಕನ್ನಡಕ ತೆಗೆದರು. “ಅಂದ್ರೆ ವರ್ಷಕ್ಕೊಂದು ದಿನ ನಿಮ್ಮ ಮಿಷನ್ನಿಗೆ ರಜಾ ಅನ್ನಿ.”

“ವರ್ಷಕ್ಕ ಒಂದ ದಿನ ಅಲ್ರೀ ಸರ, ನಮ್ಮಲ್ಲಿ ಶುಕ್ರವಾರಕ್ಕೊಮ್ಮೆ ಪೂಜಿ ಐತಿ,” ಎಂದು ಹಿಂದಿನಿಂದ ಭುವನೇಶ್ವರಿಯ ದನಿ ಬಂತು.

ಶೆಡ್ಡಿಗೆ ಶೆಡ್ಡೇ ನಕ್ಕಿತು. ಮಹಾನಂದಾ ಬಿಟ್ಟ ಬುಷ್‌ಗಳನ್ನು ಹೆಕ್ಕಿ ಟ್ರೇಗೆ ಹಾಕಿದಳು. ನಾಳಿದ್ದು ಕಾಲೇಜಿನಲ್ಲಿ ಕೊನೆಯ ಮಂಡನೆ, ಅಲ್ಲಿ ಇನ್ನೊಮ್ಮೆ ತೋರಿಸಬಹುದು ಎಂದು ಉರ್ಸುಲಾ ಹೇಳಿದರು. ಇಂದು ಕಂಡದ್ದನ್ನು ನಾನಂತೂ ಮರೆಯುವುದಿಲ್ಲ ಎಂದು ಚನ್ನವೀರಪ್ಪನವರು ಹೇಳಿಯೇ ಕಾರು ಹತ್ತಿದರು. ಅವರು ಅಂದು ನೋಡಿದ ಬೇರೆ ಮೂರು ತಂಡಗಳ ಯಂತ್ರಗಳೂ ಗಡಿಯಾರದಂತೆ ಓಡಿದವೆಂದು ಮಧ್ಯಾಹ್ನದೊಳಗೆ ಸುದ್ದಿ ಬಂತು.

ಸುದ್ದಿ ಲಗ್ಗೆರೆಯ ಮನೆಗೂ ಮುಟ್ಟಿತು. ಯಂತ್ರ ಕುರುಡಾದದ್ದು ತಾನಿಟ್ಟ ಬೊಟ್ಟಿನಿಂದ ಎಂದು ಮುದುಕವ್ವನಿಗೆ ಯಾರು ಹೇಳಿದರೋ, ತಿಳಿದುಹೋಗಿತ್ತು. ಮಹಾನಂದಾ ನೀಲುವಿಗೆ ಮೊಸರನ್ನ ಉಣಿಸುತ್ತಿದ್ದಾಗ ಆಕೆ ಗೋಡೆಗೆ ಒರಗಿ, ಹಬ್ಬದ ಸೀರೆಯನ್ನೂ ಬಿಚ್ಚದೆ ಕೂತಿದ್ದಳು. ಬಸಲಿಂಗ ಏನೋ ಸಮಾಧಾನ ಹೇಳಲು ಹೋಗಿ ಬೈಸಿಕೊಂಡ. ಕೊನೆಗೆ ಆಕೆಯೇ ಬಾಯಿ ಬಿಟ್ಟಳು.

“ಹಣಿ ಎಲ್ಲೈತಿ ಅಂತ ಹುಡುಕಿದೆ ಯವ್ವಾ. ಲೇತಿಗೈತಿ, ಡ್ರಿಲ್ಲಿಗೈತಿ, ಆಟೋಕ್ಕೂ ಐತಿ. ನಿಂದಕ್ಕ ಬರೇ ಕಾಲು, ವೈರು. ಆ ದುಂಡನ ಗಾಜೊಂದ ಮುಖದಂಗ ಕಂಡಿತು. ಹಬ್ಬದ ದಿನ ಬರಿ ಹಣಿಲೆ ಹೆಂಗ ಬಿಡಲಿ ನಾನು?”

ಬಾಯ ಬಳಿ ಹಿಡಿದ ತುತ್ತು ಅಲ್ಲೇ ನಿಂತಿತು. ನೀಲು ಬಾಯಿ ತೆರೆದು ಕಾದಳು, ಆಮೇಲೆ ತಾನೇ ಅಮ್ಮನ ಕೈ ಎಳೆದುಕೊಂಡಳು.

ಹೌದಲ್ಲ ಎನ್ನಿಸಿತು ಮಹಾನಂದಾಳಿಗೆ. ಲೇತಿಗೆ ಎಲ್ಲರೂ ಹಚ್ಚುವುದು ಮೇಲಿನ ಅಗಲ ತಲೆಗೆ. ಯಾರೂ ಹೇಳಿಕೊಟ್ಟದ್ದಲ್ಲ, ಕೈ ತಾನೇ ಅಲ್ಲಿಗೆ ಹೋಗುತ್ತದೆ. ತಂಡದವರು ಧೂಳಿಗೆ ಜಾಗ ಮಾಡಿದ್ದರು, ಎಣ್ಣೆಗೆ, ಕೂಲೆಂಟಿಗೆ ಜಾಗ ಮಾಡಿದ್ದರು. ಪ್ರತಿ ಶುಕ್ರವಾರ ಬರುವ ಕೈಗೆ ಜಾಗವನ್ನೇ ಮಾಡಿರಲಿಲ್ಲ. ಕಟ್ಟಿ ಮುಗಿಯದ ಯಂತ್ರಕ್ಕೆ ಪೂಜೆಯಿಲ್ಲವೆಂದು ಅದುವರೆಗೆ ಯಾರೂ ಹಚ್ಚಿರಲಿಲ್ಲ, ಅಷ್ಟೇ. ಇವತ್ತು ಅತ್ತೆ ಹಚ್ಚದೆ ಇದ್ದಿದ್ದರೆ ಬರುವ ಶುಕ್ರವಾರ ಇನ್ನೊಬ್ಬರು ಹಚ್ಚುತ್ತಿದ್ದರು. ಶೆಡ್ಡಿನಲ್ಲಿ ಬದುಕುತ್ತದೆಯೆ ಎಂದು ಅಷ್ಟು ತಿಂಗಳು ಉರ್ಸುಲಾ ಕೇಳುತ್ತಿದ್ದದ್ದು ಇದನ್ನೇ ಅಲ್ಲವೆ? ತಪ್ಪು ನಮ್ಮದು ಎಂದು ಅವಳು ಬಾಯಿಗೆ ಬಂದಂತೆ ಅಂದಿದ್ದಳು. ಈಗ ಅದಕ್ಕೆ ಕಾರಣ ಸಿಕ್ಕಿತ್ತು. ಎಡಗೈಯಲ್ಲೇ ನಂದೀಶನಿಗೆ ಫೋನು ಹಚ್ಚಿದಳು.

ವಿಜಯದಶಮಿಯ ಬೆಳಿಗ್ಗೆ ರಾಮಾಂಜಿನಪ್ಪನವರು ಸ್ನಾನ ಮಾಡಿ ಬಂದು, ದೀಪ ಹಚ್ಚಿ, ಪೂಜೆ ಕದಲಿಸಿ, ಮೊದಲ ಅಲೆನ್ ಕೀಯನ್ನು ತಾವೇ ಮಹಾನಂದಾಳ ಕೈಗೆ ಇಟ್ಟರು. ಮೂವರೂ ಕೆಲಸಕ್ಕೆ ಬಿದ್ದರು. ಕ್ಯಾಮೆರಾವನ್ನು ಒಂದು ಕೊಳವೆಯೊಳಗೆ ಹಿಂದಕ್ಕೆ ಸರಿಸಿ, ಮುಂದೆ ಬೆರಳಲ್ಲೇ ಎಳೆದು ಒರೆಸಿ ಮತ್ತೆ ಸೇರಿಸಬಹುದಾದ ಗಾಜು ಕೂರಿಸಿದರು. ಯಂತ್ರದ ಜೊತೆಗೇ ಸದಾ ಇರುವಂತೆ ಒಂದು ಒಳ್ಳೆಯ ಬುಷ್ ಇಟ್ಟು, ದಿನಾ ಕೆಲಸ ಶುರುವಾಗುವಾಗ ಅದನ್ನೇ ಮೊದಲು ನೋಡುವಂತೆ ಮಾಡಿದರು. ಒಳ್ಳೆಯದೆಂದು ಗೊತ್ತಿರುವುದನ್ನೇ ಕೆಟ್ಟದ್ದು ಎಂದರೆ ತಪ್ಪು ಬುಷ್‌ನದಲ್ಲ, ತನ್ನ ಕಣ್ಣಿನದು. ಆಗ ಅದು ಹಳದಿ ದೀಪ ಹಚ್ಚಿ, ಗಾಜು ಒರೆಸುವವರೆಗೆ ಸುಮ್ಮನೆ ನಿಲ್ಲಬೇಕು. ಈ ಉಪಾಯ ಯೋನಾಸನದು. ಹಣೆ ಮಾಡಿದವಳು ಮಹಾನಂದಾ. ಅಂಗೈ ಅಗಲದ ಉಕ್ಕಿನ ತಗಡನ್ನು ಬಫಿಂಗ್ ಮಾಡಿ ಕನ್ನಡಿಯಂತೆ ಹೊಳೆಯಿಸಿ ಬಲಬದಿಗೆ ಕೂರಿಸಿದಳು.

ಸರಿಹೋಯಿತೆಂದು ತಿಳಿಯುವುದು ಹೇಗೆ? ಏನೂ ಹೇಳದೆ ಕುಂಕುಮದ ಬಟ್ಟಲು ಕೊಟ್ಟು ನೋಡುವುದು, ಅಷ್ಟೇ. ರಾಮಾಂಜಿನಪ್ಪನವರ ಹೆಂಡತಿ ಕೃಷ್ಣಮ್ಮ ಹಿಂದಿನ ದಿನ ಹಬ್ಬದ ಅಡುಗೆ ಬಿಟ್ಟು ಶೆಡ್ಡಿಗೆ ಬಂದಿರಲಿಲ್ಲ, ಯಂತ್ರವನ್ನು ಕಂಡವರೇ ಅಲ್ಲ. ಅವರನ್ನು ಕರೆಸಿ ಪೂಜೆ ಮಾಡಿ ಎಂದರು. ಕೃಷ್ಣಮ್ಮನವರ ಬೆರಳು ಪಳಪಳ ಹೊಳೆಯುವ ತಗಡನ್ನು ದಾಟಿ ನೇರವಾಗಿ ಬೆಳಗುವ ದೀಪದ ಬಳೆಗೇ ಹೋಯಿತು. ನಂದೀಶ್ ತಲೆ ಮೇಲೆ ಕೈ ಹೊತ್ತ. ಮಹಾನಂದಾಳಿಗೆ ಮಾತ್ರ ಹುರುಪು ಬಂತು. ಬೆಳಕು ಇರುವಲ್ಲಿಗೆ ಕೈ ಹೋಗುತ್ತದೆ, ಹಾಗಾದರೆ ಕೆಲಸವಿಲ್ಲದಾಗ ಬಳೆ ಆರಿರಲಿ. ಹಣೆ ಬದಿಯಲ್ಲಿರುವುದಿಲ್ಲ, ಹಾಗಾದರೆ ತಗಡು ನಟ್ಟನಡುವೆ ಮೇಲಕ್ಕೆ ಹೋಗಲಿ. ಬಿಚ್ಚಿ ಮತ್ತೆ ಕೂರಿಸಿದರು. ಈ ಸಲ ಭುವನೇಶ್ವರಿ ಹಚ್ಚಿದಳು, ಪಕ್ಕದ ಶೆಡ್ಡಿನ ವೆಲ್ಡರ್ ಸೊಣ್ಣಪ್ಪ ಹಚ್ಚಿದ, ಟೀ ತಂದವನೂ ಹಚ್ಚಿದ. ಎಲ್ಲರ ಬೆರಳೂ ತಗಡಿನ ಮೇಲೇ.

ಕೊನೆಗೆ ಬಸಲಿಂಗ ಅವ್ವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದ. ಮುದುಕವ್ವ ಯಂತ್ರದ ಹತ್ತಿರ ಬರಲೊಲ್ಲಳು. ಒಮ್ಮೆ ಕೆಡಿಸಿದ್ದು ಸಾಲದೇ ಎಂದು ದೂರದಲ್ಲೇ ಕೈ ಕಟ್ಟಿ ನಿಂತಳು.

“ಅತ್ತಿ, ನೀವು ಹಚ್ಚಿದ್ದಕ್ಕ ಇದರ ಊನ ಗೊತ್ತಾತು,” ಎಂದಳು ಮಹಾನಂದಾ. “ಈಗ ಸರಿ ಆಗೇತೋ ಇಲ್ಲೋ ನೀವ ನೋಡಿ ಹೇಳಬೇಕು.”

ಮುದುಕವ್ವ ಬಟ್ಟಲು ಇಸಿದುಕೊಂಡಳು. ಯಂತ್ರವನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಬೆರಳು ಎಲ್ಲಿಯೂ ತಡೆಯದೆ ಮೇಲೆ ಹೋಯಿತು. ಬೊಟ್ಟು ಇಟ್ಟು, ಲಟಿಕೆ ಮುರಿದು, “ಈಗ ಮಂದಿಯಂಗ ಕಾಣತೈತಿ ನೋಡು,” ಎಂದಳು.

ಮರುದಿನ ಕಾಲೇಜಿನ ಸಭಾಂಗಣದಲ್ಲಿ ಇವರ ಸರದಿ ಬಂದದ್ದು ಕೊನೆಗೆ. ಮಹಾನಂದಾ ಮೊದಲ ಮಾತಿಗೇ ಆಯುಧಪೂಜೆಯ ಸೋಲನ್ನೇ ಹೇಳಿದಳು, ಮುಚ್ಚಿಡಲಿಲ್ಲ. ಇಂಗ್ಲಿಷ್ ನಡುವೆ ತಡವರಿಸಿದಾಗ ಉರ್ಸುಲಾ ಕೂತಲ್ಲಿಂದಲೇ, ನೀನು ಇದನ್ನು ಯೋಚಿಸಿದ್ದು ಯಾವ ಭಾಷೆಯಲ್ಲೋ ಅದರಲ್ಲೇ ಹೇಳು, ನಂದೀಶ್ ನಮಗೆ ತಿಳಿಸುತ್ತಾನೆ ಎಂದರು. ಅಲ್ಲಿಂದ ಅವಳ ಮಾತಿಗೆ ತಡೆಯಿರಲಿಲ್ಲ. ಯಂತ್ರ ಯಾವ ದೇಶದಲ್ಲಿ ಹುಟ್ಟಿದರೂ ಪೀಣ್ಯಕ್ಕೆ ಬಂದರೆ ಮೊದಲ ಶುಕ್ರವಾರವೇ ಅದಕ್ಕೆ ಕುಂಕುಮ ಬೀಳುತ್ತದೆ, ಹಚ್ಚಬೇಡಿ ಎಂದು ಬೋರ್ಡು ಹಾಕಿದರೆ ಬೋರ್ಡಿಗೂ ಹಚ್ಚುತ್ತಾರೆ ಎಂದಾಗ ಸಭೆಯಲ್ಲಿ ನಗೆಯೆದ್ದಿತು. ಈ ಸಲ ಆ ನಗು ಅವಳಿಗೆ ಹಿತವಾಯಿತು.

ಆಮೇಲೆ ಅವಳು ವೇದಿಕೆಯಿಂದ ಇಳಿದು, ಕುಂಕುಮದ ಬಟ್ಟಲನ್ನು ಚನ್ನವೀರಪ್ಪನವರ ಮುಂದೆ ಹಿಡಿದಳು. “ಸರ್, ನೀವೇ ಒಂದು ಪೂಜೆ ಮಾಡಿ.”

“ಎಲ್ಲಿಗೆ ಇಡಬೇಕು?”

“ಅದನ್ನ ನಾನು ಹೇಳೋ ಹಾಗಿಲ್ಲ ಸರ್.”

ಅವರು ಎದ್ದರು. ಕನ್ನಡಕ ಸರಿಮಾಡಿಕೊಂಡು ಯಂತ್ರದ ಮುಂದೆ ನಿಂತರು. ಎಡಬಲ ನೋಡಲೂ ಇಲ್ಲ, ಬೆರಳು ತಾನಾಗಿ ತಗ್ಗದೆ ತಡೆಯದೆ ತಗಡಿನ ಮೇಲೆ ಹೋಗಿ ಕೂತಿತು. ಕೂತ ಮೇಲೆ ಅವರು ತಮ್ಮ ಬೆರಳನ್ನೇ ಒಂದು ಗಳಿಗೆ ನೋಡಿಕೊಂಡರು. ಮಹಾನಂದಾ ಅಷ್ಟಕ್ಕೆ ಬಿಡಲಿಲ್ಲ. ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ತಾನೇ ಗಾಜಿಗೂ ಬಳಿದಳು. ಯಂತ್ರ ತನ್ನ ಒಳ್ಳೆಯ ಬುಷ್ ನೋಡಿತು, ಹಳದಿ ದೀಪ ಹಚ್ಚಿ ನಿಂತುಬಿಟ್ಟಿತು. ಗಾಜು ಎಳೆದು ಒರೆಸಿ ಸೇರಿಸಿದಳು. ಹಸಿರು. ಮುಂದಿನದ್ದೂ ಹಸಿರು. ಭುವನೇಶ್ವರಿ ಆರಿಸಿ ಕೊಟ್ಟಿದ್ದ ಬರ್ ಇರುವ ಬುಷ್ ಬಿಟ್ಟಾಗ ಕೆಂಪು. ಸಭಾಂಗಣದಲ್ಲಿ ಚಪ್ಪಾಳೆ ಶುರುವಾಯಿತು.

ಚನ್ನವೀರಪ್ಪನವರು ಮಾತ್ರ ಇನ್ನೂ ಯಂತ್ರದ ಮುಂದೆಯೇ ನಿಂತಿದ್ದರು. ನಮ್ಮ ಕಂಪನಿಯಲ್ಲಿ ಇಂಥ ಕ್ಯಾಮೆರಾ ಹಬ್ಬದ ಮರುದಿನ ಕೈಕೊಟ್ಟಾಗಲೆಲ್ಲ ಅದನ್ನು ಮಾರಿದವರನ್ನು ಬೈದಿದ್ದೇನೆ, ಯಾಕೆಂದು ಒಮ್ಮೆಯೂ ಯೋಚಿಸಿರಲಿಲ್ಲ ಎಂದು ಮೈಕು ತೆಗೆದುಕೊಂಡೇ ಹೇಳಿದರು. ಆ ಮನುಷ್ಯ ನಕ್ಕದ್ದನ್ನು ಕಾಲೇಜಿನವರು ಅಂದೇ ಮೊದಲು ಕಂಡದ್ದು.

ತೀರ್ಪುಗಾರರು ಒಳಗೆ ಹೋಗಿ ಬಂದರು. ಬೇರೆ ತಂಡಗಳ ಕೆಲಸವನ್ನು ಒಂದೊಂದಾಗಿ ಹೊಗಳಿದ ಮೇಲೆ, ಅವರು ಕೊಟ್ಟ ಚೀಟಿ ನೋಡಿ ಗೆದ್ದವರ ಹೆಸರು ಓದಿದವರು ಉರ್ಸುಲಾ. ಮಹಾನಂದಾಳ ಹೆಸರನ್ನು ಒತ್ತಬಾರದ ಕಡೆ ಒತ್ತಿ ಓದಿದರು, ಆದರೂ ಅದು ಯಾರ ಹೆಸರೆಂದು ಎಲ್ಲರಿಗೂ ತಿಳಿಯಿತು. ನಂದೀಶ್ ಕುರ್ಚಿಯಿಂದ ಹಾರಿದ. ಯೋನಾಸ್ ಎದ್ದ ರಭಸಕ್ಕೆ ಮುಂದಿನ ಸಾಲಿನ ಕುರ್ಚಿಯೊಂದು ಮಗುಚಿತು. ಹಿಂದಿನ ಬಾಗಿಲಲ್ಲಿ ಬಸಲಿಂಗ ನಿಂತಿದ್ದ, ಕೆಲಸದಿಂದ ನೇರವಾಗಿ ಬಂದವನು, ಕಿವಿಯ ಹಿಂದೆ ಆಕಾಶನೀಲಿ. ಮುದುಕವ್ವನ ಕಂಕುಳಿನಿಂದ ಅವನ ಹೆಗಲಿಗೆ ಏರಿದ್ದ ನೀಲು ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದಳು. ಮಹಾನಂದಾ ವೇದಿಕೆಗೆ ಹೋಗುವಾಗ ಅವಳ ಕಾಲು ನೆಲದ ಮೇಲಿದ್ದಂತೆ ಕಾಣಲಿಲ್ಲ.

ಉರ್ಸುಲಾ ಅವಳ ಎರಡೂ ಕೈ ಹಿಡಿದು, ಆರು ವಾರ ಕೂಸನ್ನು ಬಿಟ್ಟಿರಬಲ್ಲೆಯಾ ಎಂದು ಮೆಲ್ಲಗೆ ಕೇಳಿದರು. ನಾನು ಬಿಟ್ಟಿರುವುದು ಕಷ್ಟ, ಆದರೆ ಕೂಸು ತನ್ನ ಅಜ್ಜಿಯನ್ನು ಬಿಟ್ಟು ನನ್ನ ಕಡೆ ಬರುವುದೇ ಅಪರೂಪ ಎಂದಳು ಮಹಾನಂದಾ. ಹೇಳಿ ಮುಗಿಸುವಷ್ಟರಲ್ಲಿ ಕಣ್ಣು ತುಂಬಿತು. ಒರೆಸಿಕೊಂಡು, ಅಲ್ಲಿನ ಚಳಿಗೆ ಎಂಥ ಬೂಟು ಬೇಕು ಎಂದು ಕೇಳಿದಳು.

ಆ ವಾರವೇ ವೀಸಾಕ್ಕೆ ಫೋಟೋ ತೆಗೆಸಲು ಲಗ್ಗೆರೆಯ ದಾಸಪ್ಪನ ಸ್ಟುಡಿಯೋಗೆ ಮನೆಮಂದಿಯೆಲ್ಲ ಹೋದರು. ವೀಸಾ ಫೋಟೋದಲ್ಲಿ ನಗಬಾರದು, ಹಲ್ಲು ಕಾಣಬಾರದು, ಮುಖ ನೆಟ್ಟಗಿರಬೇಕು ಎಂದು ದಾಸಪ್ಪ ಮೊದಲೇ ಹೇಳಿದ. ಮಹಾನಂದಾ ಆಗಲಿ ಎಂದು ತುಟಿ ಬಿಗಿದು ಕೂತಳು. ಅವನು ಕ್ಯಾಮೆರಾ ಎತ್ತಿದ ಕೂಡಲೇ ತುಟಿ ಸಡಿಲವಾಯಿತು. ಮತ್ತೆ ತೆಗೆದ, ಮತ್ತೆ ಅದೇ. ನೀರು ಕುಡಿದು ಬಾ ಎಂದ. ಕುಡಿದು ಬಂದಳು, ಪ್ರಯೋಜನವಾಗಲಿಲ್ಲ. ಬಸಲಿಂಗ ಕ್ಯಾಮೆರಾದ ಹಿಂದೆ ನಿಂತು ಕಣ್ಣು ಕೆಂಪಗೆ ಮಾಡಿದರೆ ಅದಕ್ಕೂ ನಗು.

“ಮೇಡಂ, ಹಿಂಗಾದ್ರೆ ಅವರು ವಾಪಸ್ ಕಳಿಸ್ತಾರೆ ಕಣ್ರೀ,” ಎಂದು ದಾಸಪ್ಪ ಬೇಡಿಕೊಂಡ. “ಏನಾದ್ರೂ ಬೇಜಾರಿನ ವಿಷಯ ನೆನಪು ಮಾಡ್ಕೊಳ್ಳಿ.”

ಮಹಾನಂದಾ ಕಣ್ಣು ಮುಚ್ಚಿ ಹುಡುಕಿದಳು. ಆ ಹೊತ್ತಿಗೆ ಒಂದೂ ಸಿಗಲಿಲ್ಲ.